ಹೆಬ್ಬೆರಳಿನ ಬುಡ

ಬೇಸಿಗೆ ರಜೆ ಮುಗಿದ ವಾರ ಶಿಡ್ಲಘಟ್ಟದ ನಮ್ಮ ಶಾಲೆಗೆ
ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಕೊಂಡು ಬಂತು
ಒಂದು ಪ್ಲಾಸ್ಟಿಕ್ ಅಸ್ಥಿಪಂಜರ.
ಬಸ್ಸಿನ ಟಾಪಿನಲ್ಲಿ ಬಂದದ್ದಕ್ಕೋ ಏನೋ
ಬಲಗೈ ಹೆಬ್ಬೆರಳು ಕಳಚಿ ಪೆಟ್ಟಿಗೆಯ ಮೂಲೆಯಲ್ಲಿತ್ತು,
ಸುಲಿಯದ ಕಡಲೆಕಾಯಿಯ ಹಾಗೆ.
ಅಟೆಂಡರ್ ನಾರೆಪ್ಪ ನೋಡಿ, ‘ಇನ್‌ಸ್ಪೆಕ್ಟ್ರು ಬಂದ್ರು,
ಮಾತಿಲ್ಲ, ಬರೀ ಹಲ್ಲು’ ಅಂದ.

ಎಂಟನೇ ಕ್ಲಾಸಿಗೆ ಪಾಠ.
ಮೊಣಕೈ ಬಾಗಿಲ ಬಿಜಾಗರಿ:
ಒಂದೇ ಕಡೆಗೆ ತೆರೆಯುತ್ತದೆ, ಉಲ್ಟಾ ತಳ್ಳಿದರೆ ಮುರಿಯುತ್ತದೆ.
ಹೆಗಲೋ, ಗುಳಿಯಲ್ಲಿ ಕೂತ ಗುಂಡು.
ಮಾವಿನಕಾಯಿಗೆ ಕಲ್ಲು ಬೀಸಬಹುದು, ಬೆನ್ನು ಕೆರೆದುಕೊಳ್ಳಬಹುದು,
ಸ್ವಾತಂತ್ರ್ಯ ಜಾಸ್ತಿ, ಜಾರಿಬೀಳುವುದೂ ಅದೇ ಮೊದಲು.
ಬುರುಡೆಯ ಹೊಲಿಗೆಗಳೂ ಕೀಲೇ ಅಂದೆ.
‘ಅಲ್ಲಾಡ್ದಿದ್ರೆ ಅದ್ಹೆಂಗೆ ಕೀಲು ಸಾ?’ ಚೌಡರೆಡ್ಡಿ ಎದ್ದು ನಿಂತ.
ಅಲ್ಲಾಡದೆ ಹಿಡಿದಿಡೋದೂ ಒಂದು ಕೆಲಸ ಕಣೋ, ಕೂತ್ಕೊ.

ಕತ್ತಿನ ಮೊದಲನೇ ಮಣಿಯ ಮೇಲೆ ತಲೆ ಬಾಗಿ ‘ಹೂಂ’ ಅನ್ನುತ್ತದೆ,
ಎರಡನೇ ಮಣಿಯ ಗೂಟಕ್ಕೆ ಮೊದಲನೆಯದು ತಿರುಗಿ ‘ಊಹೂಂ’.
ಹಾಗಾದರೆ ಸಾಲ ಕೇಳಿದಾಗ ನಮ್ಮೂರವರು ಆಡಿಸುವ,
ಹೂಂ ಅಲ್ಲದ ಊಹೂಂ ಅಲ್ಲದ
ಆ ಓಲಾಟ ಯಾವ ಕೀಲಿನದು?
ಪುಸ್ತಕ ಸುಮ್ಮನಿತ್ತು. ಕ್ಲಾಸೆಲ್ಲ ಓಲಾಡಿ ನಕ್ಕಿತು.

ತಬಸ್ಸುಮ್ ನಗಲಿಲ್ಲ.
‘ಹೆಬ್ಬೆರಳಿನ ಬುಡ ಯಾವ ಜಾತಿ ಸಾರ್?’
ಪುಸ್ತಕದಲ್ಲಿದ್ದದ್ದು ನಾಲ್ಕೇ ಜಾತಿ.
ನಾಳೆ ಹೇಳ್ತೀನಿ ಅಂದೆ.
ಮೇಷ್ಟರ ನಾಳೆ ಎಂಥದ್ದೆಂದು ಮಕ್ಕಳಿಗೆ ಗೊತ್ತು.

ಸಂಜೆ ಆ ಬಲಗೈಯನ್ನು ಮಣಿಕಟ್ಟಿನಲ್ಲಿ ಬಿಚ್ಚಿ
ಚೀಲಕ್ಕೆ ಹಾಕಿಕೊಂಡೆ, ವೆಲ್ಡಿಂಗ್ ಅಂಗಡಿಗೆಂದು.
ಕಾಲು ತಬಸ್ಸುಮಳ ಓಣಿಗೆ ಹೋಯಿತು.

ಹಬೆ, ಬೆಂದ ಹುಳುವಿನ ನಾತ, ಬೇಸಿನ್ನಿನಲ್ಲಿ ಹಳದಿ ನೀರು.
ಗೂಡಿನ ಎಳೆಯ ತುದಿ ಕಣ್ಣಿಗೆ ಕಾಣದು,
ಅವಳ ಅಮ್ಮಿ ಪ್ಯಾರಿಮಾಳ ಬೆರಳಿಗೆ ಕಾಣುತ್ತದೆ.
ಹೆಬ್ಬೆರಳು ಬಾಗಿತು, ಅಡ್ಡ ಸರಿಯಿತು,
ತೋರುಬೆರಳಿಗೆ ತಾಗಿ ಒಂದು ಚಿಟಿಕೆ.
ಎಳೆ ಹಾರಿ ಓಡುವ ನೂಲಿಗೆ ಅಂಟಿಕೊಂಡಿತು.
ದಿನಕ್ಕೆ ಎಷ್ಟು ಸಲ ಅಂದೆ.
ಗೆಣ್ಣು ಗೆಣ್ಣು ಎಣಿಸಿದಳು.
ಗೆಣ್ಣು ಮುಗಿದವು, ಎಣಿಕೆ ಮುಗಿಯಲಿಲ್ಲ.
‘ಬೆಳಿಗ್ಗೆ ಚೊಂಬು ಎತ್ತಕ್ಕಾಗಲ್ಲ ಮೇಷ್ಟ್ರೆ, ಇಲ್ಲಿ.’
ಒತ್ತಿ ತೋರಿಸಿದ ಬುಡ ಚೌಕವಾಗಿ ಉಬ್ಬಿತ್ತು.

ಇದು ಜೀನು ಕೀಲು ಅಂದೆ, ಮಧ್ಯಾಹ್ನವಷ್ಟೇ ಓದಿಕೊಂಡಿದ್ದೆ.
ಒಂದರ ಮೇಲೊಂದು ಅಡ್ಡಡ್ಡ ಬೋರಲಿಟ್ಟ ಎರಡು ಜೀನು,
ಹಿಂದೆ ಮುಂದೆ ತೂಗುತ್ತೆ, ಎಡಕ್ಕೆ ಬಲಕ್ಕೆ ತೂಗುತ್ತೆ.
ಉಳಿದ ನಾಲ್ಕು ಬೆರಳಿಗೆ ಇದೊಂದು ಎದುರು ನಿಲ್ಲೋದು ಅದರಿಂದಲೇ.

ಮೂಲೆಯ ಮಂಚದಲ್ಲಿ ಅವಳ ಮಾವ ಬಾಬಾಜಾನ್ ಎದ್ದು ಕೂತ,
ಮೂವತ್ತು ವರ್ಷ ಜಟಕಾ ಹೊಡೆದವನು.
‘ಜೀನು ಎಷ್ಟ್ ಚೆಂದ ಇದ್ರೇನು,
ಒಳಗಿನ ಮೆತ್ತೆ ಸವೆದ್ರೆ ಬೆನ್ನೆಲ್ಲ ಹುಣ್ಣು.
ಎಂಟು ದಿನ ಗಾಡಿ ಕಟ್ತಾನೇ ಇರ್ಲಿಲ್ಲ ನಾನು.’
‘ಕುದುರೆಗೆ ರಜಾ ಕೊಡ್ತಿದ್ರು’ ಅಂದಳು ಪ್ಯಾರಿಮಾ,
ಬೇಸಿನ್ನಿನಿಂದ ಕಣ್ಣೆತ್ತದೆ.

ಹೊರಡುವಾಗ ಚೀಲದಿಂದ ಇಣುಕಿದ ಕೈ ನೋಡಿ
ಮೊದಲು ಬೆಚ್ಚಿದಳು, ಆಮೇಲೆ ಇಸಕೊಂಡಳು.
ಸೆರಗಿಗೆ ಒದ್ದೆ ಒರೆಸಿ, ಮೂರೆಳೆ ಹೊಸೆದು,
ತೂತಿಗೆ ಪೋಣಿಸಿ ಹಲ್ಲಲ್ಲಿ ಕಚ್ಚಿ ಗಂಟು ಹಾಕಿದಳು.
ತಂತಿಯಿದ್ದಾಗ ಆಡದ ಕಡೆಗೂ
ಈಗ ಆಡುತ್ತದೆ ಆ ಹೆಬ್ಬೆರಳು.

ಸ್ಟಾಕ್ ರಿಜಿಸ್ಟರಿನಲ್ಲಿ ಬರೆದೆ:
ಅಸ್ಥಿಪಂಜರ, ಒಂದು. ಬಲ ಹೆಬ್ಬೆರಳು ದುರಸ್ತಿ. ಖರ್ಚು
ಅಲ್ಲಿಗೆ ಪೆನ್ನು ನಿಂತಿತು.
ಹಿಂದಿನಿಂದ ಇಣುಕಿದ ನಾರೆಪ್ಪ,
‘ಸೊನ್ನೆ ಹಾಕಿ ಸಾ, ಅದಕ್ಯಾಕೆ ಯೋಚನೆ.’

ತಲೆಯಾಡಿಸಿದೆ,
ಹೂಂ ಅಲ್ಲದ, ಊಹೂಂ ಅಲ್ಲದ ಹಾಗೆ.